ಹಲ್ಲಿನಲ್ಲಿ ಕಚ್ಚಿದ ಟಾರ್ಚು

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಆರ್ಮುಗಂ ಮೇಸ್ತ್ರಿ ಮಾತಾಡುತ್ತಿದ್ದರು. ಗಾಡಿಯ ಅಡಿಯಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಎರಡೂ ಕೈಗಳನ್ನು ಕಬ್ಬಿಣದ ಸಂದಿಗಳಲ್ಲಿ ತೂರಿಸಿ, ಬಾಯಿಂದ ಬೆಳಕು ಬಿಡುತ್ತ, ಸ್ವರಗಳಷ್ಟೇ ಉಳಿದ ಭಾಷೆಯಲ್ಲಿ ಏನೋ ಕೇಳುತ್ತಿದ್ದರು. ನಮ್ಮ ಡ್ರೈವರ್ ಶಿವಣ್ಣ ಪ್ರತಿಸಲವೂ ಸುತ್ತಿಗೆ ಎತ್ತಿ ಕೊಡುತ್ತಿದ್ದ. ಅವರು ಕೇಳುತ್ತಿದ್ದದ್ದು ಹನ್ನೆರಡು–ಹದಿಮೂರರ ಸ್ಪಾನರು. ನನಗೆ ಮಾತ್ರ ಅದು ಮೊದಲ ಸಲಕ್ಕೇ ಅರ್ಥವಾಗುತ್ತಿತ್ತು.

‘ಡಾಕ್ಟ್ರಮ್ಮಂಗೆ ತಿಳಿಯುತ್ತೆ, ನಿಂಗ್ ತಿಳಿಯಲ್ವಲ್ಲ ಮಾರಾಯ’ ಎಂದು ಅವರು ಟಾರ್ಚು ತೆಗೆದು ಶಿವಣ್ಣನನ್ನು ಬಯ್ಯುತ್ತಿದ್ದರು.

‘ಅವ್ರಿಗೆ ದಿನಾ ಅದೇ ಕೆಲ್ಸ. ಬಾಯಲ್ಲಿ ಕೈ ಇಟ್ಟು, ಊಟ ಆಯ್ತಾ ಅಂತ ಕೇಳ್ತಾರೆ’ ಎಂದು ಶಿವಣ್ಣ ತಿರುಗಿಸಿ ಹೇಳಿದ.

ಅದು ನಿಜ. ನಾನು ಹಲ್ಲಿನ ಡಾಕ್ಟರು. ಶಿವಮೊಗ್ಗದ ಒಂದು ಟ್ರಸ್ಟು ಹಳೆಯ ಮಿನಿ ಬಸ್ಸೊಂದರ ಸೀಟುಗಳನ್ನು ಕಿತ್ತು, ಅದರಲ್ಲಿ ಹಲ್ಲಿನ ಕುರ್ಚಿಯೊಂದನ್ನು ಕೂರಿಸಿ, ಹಳ್ಳಿಗಳಿಗೆ ಕಳಿಸುತ್ತದೆ. ಓದು ಮುಗಿದ ವರ್ಷವೇ ನಾನು ಆ ಬಸ್ಸಿನ ಕೆಲಸಕ್ಕೆ ಸೇರಿದೆ. ಹಲ್ಲು ಕೊರೆಯುವ ಯಂತ್ರ ತಿರುಗುವುದು ಒತ್ತಿ ತುಂಬಿದ ಗಾಳಿಯಿಂದ. ಬಸ್ಸನ್ನು ಸಜ್ಜು ಮಾಡಿಕೊಟ್ಟವರು ಆ ಗಾಳಿಯ ಕಂಪ್ರೆಸರನ್ನು ಕುರ್ಚಿಯ ಬೆನ್ನಿಗೇ ಇಟ್ಟುಬಿಟ್ಟಿದ್ದರು. ಅದು ಶುರುವಾದರೆ ಇಡೀ ಬಸ್ಸು ನಡುಗುತ್ತಿತ್ತು. ಮಕ್ಕಳು ನನ್ನನ್ನು ನೋಡುವ ಮೊದಲೇ ಆ ಸದ್ದು ಕೇಳಿ ಇಳಿದು ಓಡುತ್ತಿದ್ದರು. ಮೂರನೆಯ ತಿಂಗಳಲ್ಲಿ ಪೈಪೂ ಬಿರುಕು ಬಿಟ್ಟಾಗ ಶಿವಣ್ಣ, ‘ಇದು ಶಿವಮೊಗ್ಗದ ಗ್ಯಾರೇಜಿನಲ್ಲಿ ಆಗೋ ಕೆಲ್ಸ ಅಲ್ಲ ಮೇಡಂ, ಭದ್ರಾವತಿಗೆ ಹೋಗೋಣ. ಗಾಳಿ ಗೊತ್ತಿರೋರು ಒಬ್ರಿದಾರೆ’ ಎಂದ.

ಭದ್ರಾವತಿಯಲ್ಲಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹತ್ತಿರ, ಮನೆಗೆ ಆತುಕೊಂಡ ಒಂದು ತಗಡಿನ ಶೆಡ್ಡು ಅವರದು. ಅವರ ಅಪ್ಪ ತಮಿಳು ಸೀಮೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಇವರೂ ಅದೇ ಕಾರ್ಖಾನೆಯ ಕಂಪ್ರೆಸರ್ ಹೌಸಿನಲ್ಲಿ ಹೆಚ್ಚುಕಡಿಮೆ ಇಡೀ ಜೀವನ ಕಳೆದು, ಈಗ ಲಾರಿಗಳ ಬ್ರೇಕಿನ ಗಾಳಿಯ ಕೆಲಸ ಮಾಡುತ್ತಿದ್ದರು. ಕುಳ್ಳಗಿನ ಮನುಷ್ಯ. ಕೆನ್ನೆಯಲ್ಲಿ ಯಾವಾಗಲೂ ಒಂದು ಅಡಿಕೆ ಚೂರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಗಡ್ಡ ಮಾಡಿಕೊಳ್ಳುವ ಬ್ರಷ್ಷು.

ಅವರು ಬಸ್ಸನ್ನು ಸುತ್ತು ಹಾಕಿ ನೋಡಿ ಮೊದಲು ಕೇಳಿದ್ದು: ‘ಇದು ಉಸಿರು ತಗೊಳ್ಳೋದು ಎಲ್ಲಿಂದ?’

ನಾನು ಕುರ್ಚಿಯ ಹಿಂದಿನ ಮೂಲೆಯನ್ನು ತೋರಿಸಿದೆ.

‘ಅಯ್ಯೋ ಕಡವುಳೇ. ಅದನ್ನ ಮೂಲೇಲಿ ಮುಖ ತಿರುಗ್ಸಿ ಕೂರ್ಸಿದ್ರೆ ಸಿಟ್ಟು ಬರ್ದೆ ಇನ್ನೇನು ಬರುತ್ತೆ?’

ನಾಲ್ಕು ದಿನದ ಕೆಲಸ ಅದು. ಕಂಪ್ರೆಸರನ್ನು ಒಳಗಿನಿಂದ ಇಳಿಸಿ, ಬಸ್ಸಿನ ಹಿಂಬದಿಯ ಅಡಿಯಲ್ಲಿ, ಜನರೇಟರಿನ ಪಕ್ಕ, ಜಾಲರಿಯ ಪೆಟ್ಟಿಗೆಯೊಂದನ್ನು ವೆಲ್ಡ್ ಮಾಡಿ ಅದರಲ್ಲಿ ಕೂರಿಸಿದರು. ನಡುಕ ಬಸ್ಸಿಗೆ ದಾಟದಂತೆ ನಾಲ್ಕು ಮೂಲೆಗೂ ಹಳೆಯ ಲಾರಿಯ ರಬ್ಬರ್ ಬುಷ್ಷು ಕೊಟ್ಟರು. ಗಟ್ಟಿ ಪೈಪಿನ ಬದಲು ಬಾಗುವ ಹೋಸು ಹಾಕಿದರು. ‘ರಸ್ತೆ ಕುಣಿಸುತ್ತೆ, ಇದೂ ಕುಣೀಲಿ. ಕುಣಿಯಕ್ಕೆ ಬಿಡ್ದಿದ್ರೆ ಮುರಿಯುತ್ತೆ.’ ಗಾಳಿಯ ಟ್ಯಾಂಕನ್ನು ಒಂದು ಬದಿಗೆ ತುಸು ಓರೆಯಾಗಿ ಕೂರಿಸಿ, ತಗ್ಗಿನ ತುದಿಗೆ ನೀರು ಬಿಡುವ ಒಂದು ಸಣ್ಣ ನಲ್ಲಿ ಇಟ್ಟರು. ಗಾಳಿಯಲ್ಲಿ ನೀರಿರುತ್ತದೆ, ಒತ್ತಿದರೆ ತಳಕ್ಕೆ ಇಳಿಯುತ್ತದೆ, ದಿನವೂ ಬಿಡದಿದ್ದರೆ ಟ್ಯಾಂಕನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ ಎಂದು ನನಗೆ ಹೇಳಿಕೊಟ್ಟರು. ಆ ನಲ್ಲಿಯ ಹಿಡಿಯನ್ನು ಮೆಟ್ಟಿಲಿನ ಪಕ್ಕಕ್ಕೆ ಎಳೆದು ತಂದಿದ್ದರು. ‘ನೀವು ಮಂಡಿ ಊರ್ಬಾರ್ದು. ಊರ್ಬೇಕು ಅಂತಿದ್ರೆ ಒಂದ್ ವಾರ ಮಾಡ್ತೀರಿ, ಆಮೇಲೆ ಮರೀತೀರಿ. ನಾನೂ ಹಂಗೇ.’

ನಾಲ್ಕನೆಯ ದಿನ ಎಲ್ಲ ಮುಗಿಯಿತು. ಜನರೇಟರ್ ಹಾಕಿ, ಕುರ್ಚಿಯ ಹತ್ತಿರದ ಗಾಳಿಯ ಕೊಳವೆಗೆ ಮೂಗೊಡ್ಡಿದ ಮೇಸ್ತ್ರಿ ನನ್ನನ್ನೂ ಕರೆದರು. ನಾನೂ ಮೂಸಿ ನೋಡಿದೆ. ಬಹಳ ಸಣ್ಣದಾಗಿ ಡೀಸೆಲ್ ಹೊಗೆಯ ವಾಸನೆ. ಜನರೇಟರು ಬಿಟ್ಟ ಹೊಗೆಯನ್ನು ಪಕ್ಕದಲ್ಲೇ ಕೂತ ಕಂಪ್ರೆಸರು ಎಳೆದುಕೊಳ್ಳುತ್ತಿತ್ತು.

‘ಇಷ್ಟೇ ಇಷ್ಟು ವಾಸ್ನೆ, ಯಾರಿಗೆ ಗೊತ್ತಾಗುತ್ತೆ ಬಿಡಿ ಮೇಸ್ತ್ರಿ’ ಎಂದ ಶಿವಣ್ಣ. ಅವನಿಗೆ ಮನೆಗೆ ಹೋಗುವ ಅವಸರ.

‘ಲಾರಿ ಟೈರಿಗೆ ಹೋಗೋ ಗಾಳಿ ಅಲ್ಲಪ್ಪ ಇದು. ಮನುಷ್ಯರ ಬಾಯಿಗೆ ಹೋಗೋದು. ನಿಂದ್ ಬಿಡು, ನಿನ್ ಬಾಯೇ ಸೈಲೆನ್ಸರ್ ಥರ ಇದೆ.’

ಮರುದಿನ ತಾವೇ ಹಾಕಿದ ವೆಲ್ಡಿಂಗನ್ನು ತಾವೇ ಕತ್ತರಿಸಿ, ಪೆಟ್ಟಿಗೆಯನ್ನು ಬಸ್ಸಿನ ಇನ್ನೊಂದು ಮಗ್ಗುಲಿಗೆ ಒಯ್ದರು. ಉಸಿರೆಳೆಯುವ ಕೊಳವೆಯನ್ನು ಚಾವಣಿಯ ಹತ್ತಿರಕ್ಕೆ ಏರಿಸಿದರು. ಯಾರೂ ಹೇಳಿರಲಿಲ್ಲ. ಅವರು ಎಂದೂ ನೋಡದ ಜನರ ಬಾಯಿಗಾಗಿ ಒಂದು ಇಡೀ ದಿನ ಹೊಟ್ಟೆಯ ಮೇಲೆ ಕಿಡಿ ಬೀಳಿಸಿಕೊಂಡರು.

ಕೊನೆಯ ಪರೀಕ್ಷೆ ಸೋರಿಕೆಯದು. ಟ್ಯಾಂಕು ತುಂಬಿಸಿ, ಎಲ್ಲ ಆರಿಸಿ, ಮೀಟರಿನ ಮುಳ್ಳು ನಿಂತ ಕಡೆ ಗಾಜಿನ ಮೇಲೆ ಸುಣ್ಣದ ಗೆರೆ ಎಳೆದು, ನಮ್ಮನ್ನು ಟೀ ಕುಡಿಯಲು ಕರೆದೊಯ್ದರು. ಕುದಿಯುವ ಟೀಯನ್ನು ನಾಲ್ಕೇ ಗುಟುಕಿಗೆ ಮುಗಿಸಿ, ಮೆಣಸಿನಕಾಯಿ ಬಜ್ಜಿಯನ್ನು ಒಳಗಿನ ಮೆಣಸಿನಕಾಯಿ ಸಮೇತ ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡ ಶಿವಣ್ಣನನ್ನು ನೋಡಿ ನಕ್ಕರು. ಹಿಂದಿರುಗಿದಾಗ ಮುಳ್ಳು ಗೆರೆಯಿಂದ ಒಂದು ಕೂದಲೆಳೆ ಇಳಿದಿತ್ತು. ಆಗ ಜೇಬಿನ ಬ್ರಷ್ಷು ಹೊರಬಂತು. ಸೋಪಿನ ನೀರಿನಲ್ಲಿ ಅದ್ದಿ, ಒಂದೊಂದು ಜೋಡಣೆಗೂ ನೊರೆ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಾದರು.

‘ದೊಡ್ಡ ಸೋರಿಕೆ ತಾನೇ ಕೂಗುತ್ತೆ ಡಾಕ್ಟ್ರಮ್ಮ. ಚಿಕ್ಕದು ಕೂಗಲ್ಲ. ಇಂಜಿನ್ ಆರ್ಸಿ, ಹತ್ರ ಹೋಗಿ, ನಾವೇ ಕೇಳ್ಬೇಕು.’

ಆ ದಿನಗಳಲ್ಲೇ ನಾನು ಅವರ ಮೇಲ್ಸಾಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿರುವುದನ್ನು ಗಮನಿಸಿದ್ದೆ. ಅದರ ದುಂಡು ಟಾರ್ಚಿನ ದುಂಡಿಗೆ ಸರಿಯಾಗಿ ಹೊಂದುತ್ತಿತ್ತು. ಆದರೆ ಏನೂ ಹೇಳಲಿಲ್ಲ. ನನ್ನದೊಂದು ನಿಯಮವಿದೆ. ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ನಾನು ಏನು ಓದಿದ್ದೇನೆಂದು ತಿಳಿದ ಕೂಡಲೇ ಜನ ಬಾಯಿ ತೆರೆದು ತೋರಿಸುತ್ತಾರೆ. ಅದರಿಂದ ಬೇಸತ್ತು, ಕುರ್ಚಿಯಲ್ಲಿ ಕೂತವರ ಬಾಯಿ ಮಾತ್ರ ನನ್ನದು, ಉಳಿದವರದು ಅವರ ಸ್ವಂತದ ವಿಷಯ ಎಂದು ನಿರ್ಧರಿಸಿಕೊಂಡಿದ್ದೆ. ನಾನಾಗಿ ಯಾರನ್ನೂ ಏನೂ ಕೇಳುವ ಸ್ವಭಾವವೂ ನನ್ನದಲ್ಲ. ಅದನ್ನು ಸಭ್ಯತೆ ಎಂದುಕೊಂಡಿದ್ದೆ.

ಮುಂದಿನ ವರ್ಷದ ಮೊದಲಲ್ಲಿ ಹೋಸುಗಳನ್ನು ಬದಲಿಸಲು ಭದ್ರಾವತಿಗೆ ಹೋಗುವಾಗ ಅವರಿಗೆಂದು ತಲೆಗೆ ಕಟ್ಟಿಕೊಳ್ಳುವ ಒಂದು ಲೈಟು ಕೊಂಡೊಯ್ದೆ. ‘ಟಾರ್ಚು ಕಚ್ಚಬೇಡಿ ಮೇಸ್ತ್ರಿ, ಇದು ಆರಾಮ’ ಎಂದಷ್ಟೇ ಹೇಳಿದೆ. ಅವರು ಅದನ್ನು ಹಿಡಿದುಕೊಂಡು ನನ್ನ ಮುಖವನ್ನು ತುಸು ಹೆಚ್ಚು ಹೊತ್ತು ನೋಡಿದರು. ‘ನಿಮ್ಗೆ ಎಲ್ಲಾ ಗೊತ್ತಾಗುತ್ತೆ’ ಎಂದು ತಲೆ ತಗ್ಗಿಸಿ, ಆಗಲೇ ಹಣೆಗೆ ಕಟ್ಟಿಕೊಂಡರು. ಸಂಕೋಚ ಎಂದುಕೊಂಡೆ. ಅಂದಿನಿಂದ ಗಾಡಿಯ ಅಡಿಯಿಂದ ಬರುವ ಮಾತು ಎಲ್ಲರಿಗೂ ಅರ್ಥವಾಗತೊಡಗಿತು. ‘ನಂಗೂ ತಿಳೀತು, ಹನ್ನೆರಡು–ಹದಿಮೂರು!’ ಎಂದು ಶಿವಣ್ಣ ಕುಣಿದ. ನನಗೂ ಹೆಮ್ಮೆಯೇ ಆಯಿತು. ಒಂದು ಹಲ್ಲು ಉಳಿಸಿದೆನೆಂಬ ಹೆಮ್ಮೆ.

ಅದಾದ ನಾಲ್ಕೈದು ತಿಂಗಳಿಗೆ ಸಕ್ರೆಬೈಲಿನಲ್ಲಿ ಕ್ಯಾಂಪು. ಆನೆ ಬಿಡಾರದ ಮಾವುತರ ಮನೆಯವರು ಬೆಳಿಗ್ಗೆಯಿಂದ ಸಾಲು ನಿಂತಿದ್ದರು. ಹನ್ನೊಂದರ ಹೊತ್ತಿಗೆ ಗಾಳಿಯ ಒತ್ತಡ ಒಂದೇ ಸಮನೆ ಇಳಿಯತೊಡಗಿತು. ಫೋನು ಮಾಡಿದರೆ ಮೇಸ್ತ್ರಿ ‘ಯಾರನ್ನೂ ವಾಪಸ್ ಕಳಿಸ್ಬೇಡಿ’ ಎಂದು, ಭದ್ರಾವತಿಯಿಂದ ಎರಡು ಬಸ್ಸು ಬದಲಿಸಿ ಬಂದೇಬಿಟ್ಟರು. ಹೋಸಿನ ಕ್ಲಿಪ್ಪೊಂದು ಸಡಿಲಾಗಿತ್ತು. ಅರ್ಧ ಗಂಟೆಯಲ್ಲಿ ಸರಿಮಾಡಿ, ಸಂಜೆಯವರೆಗೂ ಜಗುಲಿಯೊಂದರ ಮೇಲೆ ಕೂತು, ತಮ್ಮ ಗಾಳಿ ಕೆಲಸ ಮಾಡುವ ಸದ್ದನ್ನು ಕೇಳಿಸಿಕೊಂಡರು. ಯಾರೋ ಬಜ್ಜಿ ತಂದರು. ಮೇಸ್ತ್ರಿ ಹಿಟ್ಟನ್ನಷ್ಟೇ ಮುರಿದು ತಿಂದು, ಮೆಣಸಿನಕಾಯಿಯನ್ನು ಶಿವಣ್ಣನ ತಟ್ಟೆಗೆ ಹಾಕಿದರು. ಟೀಯನ್ನು ತಟ್ಟೆಗೆ ಸುರಿದು, ಲೋಟಕ್ಕೆ ಮರಳಿಸಿ, ಮತ್ತೆ ತಟ್ಟೆಗೆ ಸುರಿದರು. ‘ಏನ್ ಮೇಸ್ತ್ರಿ, ಖಾರ ಬಿಟ್ಬಿಟ್ರಾ?’ ಎಂದ ಶಿವಣ್ಣ. ‘ವಯಸ್ಸಾಯ್ತಲ್ಲಪ್ಪ’ ಎಂದರು.

ಸಾಲು ಕರಗಿ ಕುರ್ಚಿ ಖಾಲಿಯಾದಾಗ ಶಿವಣ್ಣ ಕೂಗಿದ. ‘ಬನ್ನಿ ಮೇಸ್ತ್ರಿ, ನಿಮ್ ಗಾಳಿ ನಿಮ್ಗೂ ಒಂಚೂರು ಬಿಡ್ಸೋಣ!’

ಅವರು ಬಸ್ಸು ಹತ್ತಿ ಬಂದರು. ಕುರ್ಚಿಯ ಕೈಯ ಮೇಲೆ ಅಂಗೈ ಇಟ್ಟು ನಿಂತರು. ನಾನು ಸಲಕರಣೆಗಳನ್ನು ಎತ್ತಿಡುತ್ತಿದ್ದೆ.

‘ಡಾಕ್ಟ್ರಮ್ಮ, ಇದಕ್ಕೆ ಬಾಯಿ ಪೂರ್ತಿ ತೆಗೀಲೇಬೇಕಾ?’

‘ತೆಗೀಬೇಕಾಗುತ್ತೆ ಮೇಸ್ತ್ರಿ’ ಎಂದೆ. ನನ್ನ ಕಣ್ಣು ಟ್ರೇಯ ಮೇಲಿತ್ತು.

‘ಹಂಗಾದ್ರೆ ಇನ್ನೊಂದಿನ ನೋಡೋಣ’ ಎಂದು ಅವರು ಇಳಿದುಹೋದರು.

ನಾನು ಓದಿದ್ದೆಲ್ಲ ಆ ಒಂದು ದಿನದಲ್ಲಿ ನನ್ನ ಮುಂದೆಯೇ ನಡೆದಿತ್ತು. ಅಡಿಕೆಯ ರಸ ವರ್ಷಗಟ್ಟಲೆ ತಾಗಿ ಕೆನ್ನೆಯ ಒಳಗೋಡೆ ಗಟ್ಟಿಯಾಗುತ್ತದೆ. ಖಾರ ತಡೆಯುವುದಿಲ್ಲ, ಬಿಸಿ ತಡೆಯುವುದಿಲ್ಲ, ಬಾಯಿ ತೆರೆಯುವುದು ಬೆರಳು ಬೆರಳಿನಷ್ಟು ಕಡಿಮೆಯಾಗುತ್ತ ಬರುತ್ತದೆ. ಆ ಹಂತದಲ್ಲಿ ಅಡಿಕೆ ಬಿಡಿಸಿ ಔಷಧಿಗೆ ತಂದರೆ, ಪದೇಪದೇ ನೋಡುತ್ತಿದ್ದರೆ, ಮುಂದೆ ಬರುವ ಕ್ಯಾನ್ಸರನ್ನು ಎಷ್ಟೋ ಸಲ ತಡೆಯಬಹುದು, ತಡೆಯಲಾಗದಿದ್ದರೂ ಬೇಗ ಹಿಡಿಯಬಹುದು. ಕ್ಯಾಂಪುಗಳಲ್ಲಿ ಚಾರ್ಟು ತೂಗುಹಾಕಿ ಇದನ್ನೇ ಹೇಳುತ್ತೇನೆ. ಅಡಿಕೆಯೇ ಅನ್ನ ಕೊಡುವ ಜಿಲ್ಲೆಯಲ್ಲಿ ಯಾರಿಗೂ ನೋವಾಗದಂತೆ ಹೇಳುವುದನ್ನೂ ಕಲಿತಿದ್ದೇನೆ. ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗುತ್ತವೆಯೇ ನೋಡಿ ಎನ್ನುವುದು ಆ ಚಾರ್ಟಿನ ಮೊದಲ ಸಾಲು.

ಅದೇ ವರ್ಷದ ಕೊನೆಯಲ್ಲಿ ಶಿವಣ್ಣ ಸುದ್ದಿ ತಂದ. ಮೇಸ್ತ್ರಿಯ ಕೆನ್ನೆಯಲ್ಲಿ ಗಂಟು. ದೊಡ್ಡಾಸ್ಪತ್ರೆಯಲ್ಲಿ ಕೆಳದವಡೆಯ ಒಂದು ಭಾಗ ತೆಗೆದರು. ಮನೆಗೆ ಮರಳಿದ ಮೇಲೆ ನೋಡಲು ಹೋದೆವು. ಮೂಗಿಗೆ ನಳಿಕೆ, ಗಲ್ಲಕ್ಕೆ ಬಟ್ಟೆ, ಮಾತಿಲ್ಲ. ಬಸ್ಸಿನ ಸದ್ದು ಕೇಳಿ ಅವರೇ ಎದ್ದು ಬಾಗಿಲಿಗೆ ಬಂದಿದ್ದರು. ಕೈಯಿಂದ ಬೀಗದ ಕೀ ತಿರುಗಿಸಿದಂತೆ ಮಾಡಿ, ಇಂಜಿನ್ ಆರಿಸಲು ಸೂಚಿಸಿದರು. ಶಿವಣ್ಣ ಆರಿಸಿದ. ಮೇಸ್ತ್ರಿ ಬಸ್ಸಿನ ಮಗ್ಗುಲಿಗೆ ಕಿವಿ ಕೊಟ್ಟು ನಿಂತು, ನನ್ನ ಕಡೆ ತಿರುಗಿ, ಎಲ್ಲಿಯೂ ಸೋರುತ್ತಿಲ್ಲ ಎನ್ನುವಂತೆ ಕೈಯಾಡಿಸಿದರು. ಆಮೇಲೆ ಏನೋ ಹೇಳಿದರು. ಸ್ವರಗಳಷ್ಟೇ ಹೊರಬಂದವು. ನನಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು.

ಅವರು ತೀರಿಕೊಂಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮತ್ತೆ ಭದ್ರಾವತಿಗೆ ಹೋದೆ. ಅವರ ಹೆಂಡತಿ ವಳ್ಳಿಯಮ್ಮ ಮೊಳೆಗೆ ನೇತುಹಾಕಿದ್ದ ತಲೆಯ ಲೈಟನ್ನು ತಂದು ನನ್ನ ಕೈಗಿಟ್ಟರು.

‘ನೀವು ಇದನ್ನ ಕೊಟ್ಟಾಗ ಅವ್ರಿಗೆ ಟಾರ್ಚ್ ಕಚ್ಚಕ್ಕೆ ಆಗ್ತಿರ್ಲಿಲ್ಲಮ್ಮ. ಬಾಯಿ ಅಷ್ಟಗ್ಲ ತೆರೀತಿರ್ಲಿಲ್ಲ. ಯಾರ್ಗೂ ಹೇಳಿರ್ಲಿಲ್ಲ. ನಾನು ಆಸ್ಪತ್ರೆಗೆ ಹೋಗೋಣ ಅಂದ್ರೆ ಬಯ್ಯೋರು. ಡಾಕ್ಟ್ರಮ್ಮಂಗೆ ಗೊತ್ತು, ಗೊತ್ತಿದ್ದೇ ಲೈಟ್ ಕೊಟ್ಟಿದಾರೆ, ದೊಡ್ಡದಾಗಿದ್ರೆ ಅವರು ಸುಮ್ನಿರ್ತಿದ್ರಾ ಅನ್ನೋರು.’

ನಾನು ‘ಹೌದಾ’ ಎಂದೆ. ಹೊರಟು ಬಂದು ಬಸ್ಸು ಹತ್ತಿದೆ. ಶಿವಣ್ಣ ಇಂಜಿನ್ ಹಾಕಿದ. ಮೆಟ್ಟಿಲ ಪಕ್ಕ ಮೇಸ್ತ್ರಿ ಇಟ್ಟ ನಲ್ಲಿಯ ಹಿಡಿ ಕಣ್ಣಿಗೆ ಬಿತ್ತು.

‘ಇಂಜಿನ್ ಆರಿಸು ಶಿವಣ್ಣ’ ಎಂದು ಹೇಳಿ ಇಳಿದೆ.

ವಳ್ಳಿಯಮ್ಮ ಇನ್ನೂ ಬಾಗಿಲಲ್ಲೇ ಇದ್ದರು. ‘ನನಗೆ ಗೊತ್ತಿರಲಿಲ್ಲಮ್ಮ. ನೋಡಬೇಕಾಗಿತ್ತು, ಕೇಳಬೇಕಾಗಿತ್ತು. ಕೇಳಲಿಲ್ಲ’ ಎಂದೆ.

ಅವರು ಹೊಸಿಲು ದಾಟಿ ಹತ್ತಿರ ಬಂದರು. ಆಮೇಲೆ ನನ್ನ ಕೈ ಹಿಡಿದರು. ‘ಹೋಗ್ಲಿ ಬಿಡಿ. ನಿಮ್ಗೆ ಗೊತ್ತು ಅನ್ಕೊಂಡು ಒಂದು ವರ್ಷ ಧೈರ್ಯವಾಗಿದ್ರು.’

ಅವರನ್ನು ಉಳಿಸಿಕೊಳ್ಳಲು ನನಗೆ ಬೇಕಾಗಿದ್ದದ್ದು ಆ ಒಂದು ವರ್ಷವೇ.