ಗೋಡೆಗೆ ಅಂಟಿಸಿದ ಇಪ್ಪತ್ತು ವಾಕ್ಯ

ಯಾವ ತಾಯಿಗಾದರೂ ಸಲಹೆ ಕೊಡಬೇಕಾಗಿ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಹಾಗೆ ನೋಡಿದರೆ ಸಲಹೆ ಕೊಡುವುದೇ ನನ್ನ ಕೆಲಸ. ಸರಕಾರಿ ಶಾಲೆಗಳಲ್ಲಿ ಓದುವ ಅಂಗವಿಕಲ ಮಕ್ಕಳಿಗೆ ನಾನು ಟೀಚರು. ಬೆಳ್ತಂಗಡಿ ತಾಲೂಕಿನ ಹತ್ತಾರು ಶಾಲೆಗಳಿಗೆ, ಕೆಲವು ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ನಾಯಿ, ತಿರುವು, ಮಳೆ ಯಾವುದಕ್ಕೂ ಅಂಜುವವಳಲ್ಲ. ನನ್ನ ಬಾಯಿಗೆ ಮಾತ್ರ ಅಂಜುತ್ತೇನೆ.

ಕೊಕ್ಕಡದ ಕಡೆ ಏಳು ವರ್ಷದ ಒಬ್ಬಳು ಹುಡುಗಿ ಇದ್ದಳು, ಎರಡನೇ ತರಗತಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಬಲಗೈ, ಬಲಗಾಲು ಬಿಗಿದುಕೊಂಡಿದ್ದವು, ಮಾತು ತೊದಲುತ್ತಿತ್ತು. ಮನೆಮಾತು ಬ್ಯಾರಿ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ ಮತ್ತು ಅಜ್ಜಿ. ತರಗತಿಯಲ್ಲಿ ಕನ್ನಡದಲ್ಲಿ ಕೇಳಿದರೆ ಅವಳು ಬ್ಯಾರಿಯಲ್ಲಿ ಉತ್ತರಿಸುತ್ತಿದ್ದಳು, ಅದೂ ತೊದಲುತ್ತ. ಯಾರಿಗೂ ತಿಳಿಯುತ್ತಿರಲಿಲ್ಲ. ಮಗು ಮನೆಯಲ್ಲೇ ಇದ್ದರೆ ಅದಕ್ಕೂ ಸುಖ, ನಮಗೂ ಸುಖ ಎಂದು ಹೆಡ್ ಮಾಸ್ಟರು ಎರಡು ಸಲ ಹೇಳಿದ್ದರು.

ಅವಳನ್ನು ಶಾಲೆಯಲ್ಲಿ ಉಳಿಸುವ ಅವಸರದಲ್ಲಿ ನಾನು ತಾಯಿಗೆ ಹೇಳಿದೆ: "ಮನೆಯಲ್ಲಿ ಕನ್ನಡವೇ ಮಾತಾಡಿ. ಬ್ಯಾರಿ ಸ್ವಲ್ಪ ಸಮಯ ಬೇಡ. ಎರಡೆರಡು ಭಾಷೆ ಅವಳ ತಲೆಗೆ ಭಾರ ಆಗ್ತದೆ."

ಆ ತಾಯಿಗೆ ಕನ್ನಡ ಅಷ್ಟಕ್ಕಷ್ಟೆ. ಅದಕ್ಕೂ ನನ್ನಲ್ಲಿ ಮದ್ದಿತ್ತು. ದಪ್ಪ ಕಾಗದದಲ್ಲಿ ಇಪ್ಪತ್ತು ವಾಕ್ಯ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. 'ಬನ್ನಿ, ಕುಳಿತುಕೊಳ್ಳಿ' ಮೊದಲನೆಯದು. 'ಊಟ ಮಾಡು', 'ಕೈ ತೊಳೆದುಕೋ', 'ಪುಸ್ತಕ ತೆಗೆ', ಹೀಗೆ ಇಪ್ಪತ್ತು.

ಯಾವ ತರಬೇತಿಯಲ್ಲೂ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಊರು ಮೂಡುಬಿದಿರೆ ಹತ್ತಿರದ ಪುತ್ತಿಗೆ, ಮನೆಯಲ್ಲಿ ತುಳು. ಶಾಲೆಯಲ್ಲಿ ಬಾಯಿ ತಪ್ಪಿ ತುಳು ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಬೆಂಚೇ ನನ್ನನ್ನು ಟೀಚರು ಮಾಡಿತು ಎಂದು ನಂಬಿಕೊಂಡಿದ್ದೆ. ಮನೆಗೆ ಬಂದೊಡನೆ ಅಮ್ಮನ ಹತ್ತಿರ ತುಳುವಿನಲ್ಲಿ ಅತ್ತು ಹಗುರಾಗುತ್ತಿದ್ದುದು ಮಾತ್ರ ನೆನಪಿಗೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಆ ಮನೆಗೆ ಹೋದೆ. ತಾಯಿ ನಗುನಗುತ್ತ ಬಾಗಿಲು ತೆರೆದರು. ಒಂದೇ ಒಂದು ದಿನವೂ ಬ್ಯಾರಿ ಆಡಿಲ್ಲವಂತೆ. ಒಳಗೆ ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಹುಡುಗಿ ಕಾಲೆಳೆಯುತ್ತ ಹತ್ತಿರ ಹೋದಳು. ಅಜ್ಜಿ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದರು. ಹುಡುಗಿ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು.

ಏನಿದು ಎಂದು ಕೇಳಿದೆ. ಅಜ್ಜಿಗೆ ಕನ್ನಡ ಒಂದಕ್ಷರ ಬಾರದು, ತನ್ನ ಮಾತು ಕಿವಿಗೆ ಬಿದ್ದರೆ ಮಗುವಿನ ತಲೆಗೆ ತೊಂದರೆಯಾಗುತ್ತದೆ ಎಂದು ಮಾತೇ ಬಿಟ್ಟಿದ್ದಾರೆ ಎಂದರು ತಾಯಿ. ಒಂದು ಸಂಜೆ ಹುಡುಗಿ ಹೊಟ್ಟೆ ಹಿಡಿದುಕೊಂಡು ಅತ್ತಳಂತೆ. ಸಮಾಧಾನ ಮಾಡಲು ತಾಯಿ ಕಾಗದದ ಮುಂದೆ ನಿಂತು ಮೇಲಿಂದ ಕೆಳಗೆ ಹುಡುಕಿದರಂತೆ, ಅದರಲ್ಲಿ ಅಂಥ ವಾಕ್ಯ ಇರಲಿಲ್ಲವಂತೆ. ಹುಡುಗಿ ಈಗ ಮಾತಾಡುವುದೇ ಇಲ್ಲ, ಕನ್ನಡವೂ ಇಲ್ಲ, ಬ್ಯಾರಿಯೂ ಇಲ್ಲ. "ಇನ್ನು ಸ್ವಲ್ಪ ದಿನದಲ್ಲಿ ಕನ್ನಡ ಬರ್ತದಲ್ವಾ ಟೀಚರ್?" ಎಂದು ಕೇಳಿದರು.

ಆಗಲೇ ಆ ಕಾಗದವನ್ನು ಹರಿದು ಹಾಕಬೇಕಿತ್ತು. ನಾನು ಚಾ ಕುಡಿದು, ಬರ್ತದೆ ಎಂದು ಹೇಳಿ, ಎದ್ದು ಬಂದೆ. ಹೇಡಿ ನಾನು.

ಅದಾಗಿ ಎಂಟು ದಿನಕ್ಕೆ ತಾಲೂಕಿನ ಅಂಗವಿಕಲ ಮಕ್ಕಳ ತಪಾಸಣಾ ಶಿಬಿರವಿತ್ತು. ಡಾಕ್ಟರರ ಪ್ರಶ್ನೆಗೆ ಮಗು ತುಟಿ ಬಿಚ್ಚದಿದ್ದರೆ ಬುದ್ಧಿಮಾಂದ್ಯ ಎಂದು ಬರೆಯುತ್ತಾರೆ, ಹೆಡ್ ಮಾಸ್ಟರಿಗೆ ಬೇಕಾದದ್ದೂ ಅದೇ. ಅವಳ ಶಾಲೆ ಅಲ್ಲಿಗೆ ಮುಗಿಯುತ್ತದೆ. ಬಂಟ್ವಾಳದಲ್ಲಿ ಇದೇ ಕೆಲಸ ಮಾಡುವ ಗೆಳತಿಗೆ ಫೋನು ಮಾಡಿ, ಯಾರೋ ಹೀಗೆ ಮಾಡಿದ್ದಾರಂತೆ ಎಂದು ಕಥೆ ಕಟ್ಟಿದೆ. "ಇದ್ದ ಮಾತನ್ನೂ ಕಿತ್ತುಕೊಂಡ್ರೆ ಆ ಮಗು ಕನ್ನಡವನ್ನು ಯಾವುದರ ಮೇಲೆ ನಿಲ್ಲಿಸ್ತದೆ ಮಾರಾಯ್ತಿ?" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆನೋ. ಆದರೂ ಶಿಬಿರದ ದಿನದವರೆಗೆ ಆ ಮನೆಯ ಕಡೆ ಸ್ಕೂಟರು ತಿರುಗಿಸಲು ಧೈರ್ಯ ಬರಲಿಲ್ಲ. ನನ್ನದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ಕೆಲಸ, ಅದರ ಭಯವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಶಿಬಿರದಲ್ಲಿ ಡಾಕ್ಟರರು ಹೆಸರು ಕೇಳಿದರು, ಬಣ್ಣ ಕೇಳಿದರು, ಮೂಗು ತೋರಿಸು ಎಂದರು. ಹುಡುಗಿ ಕಲ್ಲಿನಂತೆ ಕುಳಿತಿದ್ದಳು. ಅವರು ಪೆನ್ನು ಕಾಗದಕ್ಕೆ ತಾಗಿಸಿದಾಗ ನಾನು ಮೇಜಿನ ಹತ್ತಿರ ಹೋದೆ. ತಾಯಿ ಒಮ್ಮೆ ಬ್ಯಾರಿಯಲ್ಲಿ ಕೇಳಲಿ ಸರ್ ಎಂದೆ. ಅವರು ಒಪ್ಪಿದರು. ತಾಯಿ ಒಪ್ಪಲಿಲ್ಲ.

"ನೀವೇ ಅಲ್ವಾ ಟೀಚರ್ ಬೇಡ ಅಂತ ಹೇಳಿದ್ದು?"

ಡಾಕ್ಟರರು ನನ್ನ ಕಡೆ ತಿರುಗಿದರು. ಸಾಲಿನಲ್ಲಿದ್ದವರೂ ತಿರುಗಿದರು.

"ನಾನು ಹೇಳಿದ್ದು ತಪ್ಪು," ಎಂದೆ. "ನನ್ನಿಂದಲೇ ಅವಳ ಮಾತು ನಿಂತದ್ದು. ನೀವು ಮಾತಾಡಿ."

ತಾಯಿ ಮಗಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಮನೆಯ ಬೆಕ್ಕಿನ ವಿಷಯವೆಂದು ತಿಳಿಯಿತು, ಆ ಪದ ನಮ್ಮ ತುಳುವಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಉಂಟು. ಹುಡುಗಿ ಎಡಗೈಯನ್ನು ಬಾಯಿಗೆ ಒತ್ತಿಕೊಂಡಳು, ಥೇಟು ಅವಳ ಅಜ್ಜಿಯ ಹಾಗೆ. ಒತ್ತಿಕೊಂಡು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಕೈಯ ಹಿಂದಿನಿಂದ ಒಂದೇ ಒಂದು ಮಾತು ಬಂತು. ಡಾಕ್ಟರರು ಪೆನ್ನು ಮುಚ್ಚಿ, ಮನೆಯಲ್ಲಿ ಚೆನ್ನಾಗಿ ಮಾತಾಡಲಿ, ಮೂರು ತಿಂಗಳು ಬಿಟ್ಟು ಕರೆತನ್ನಿ ಎಂದರು.

ಅಡುಗೆಮನೆಯ ಗೋಡೆಯ ಕಾಗದವನ್ನು ನಾನೇ ಕಿತ್ತೆ. ಅಜ್ಜಿಯ ಸೆರಗು ಬಾಯಿಂದ ಇಳಿಯಲು ಒಂದು ತಿಂಗಳು ಬೇಕಾಯಿತು. ಎರಡನೇ ತಪಾಸಣೆಯಲ್ಲಿ ಹುಡುಗಿ ಬೆಕ್ಕು ಮರಿ ಹಾಕಿದ ಕಥೆಯನ್ನು ಪೂರ್ತಿ ಹೇಳಿದಳು, ತಾಯಿ ಅದನ್ನು ತನಗೆ ಬಂದ ಕನ್ನಡದಲ್ಲಿ ದಾಟಿಸಿದರು. ಡಾಕ್ಟರರು ಕೈ, ಕಾಲು, ಉಚ್ಚಾರದ ತೊಂದರೆ ಎಂದಷ್ಟೇ ಬರೆದರು. ಈಗ ಅವಳು ಮೂರನೇ ತರಗತಿ, ಅದೇ ಶಾಲೆ. ಬ್ಯಾರಿ ಬಲ್ಲ ಗೆಳತಿಯೊಬ್ಬಳು ಪಕ್ಕದಲ್ಲಿ ಕೂರುತ್ತಾಳೆ.

ನಾನು ಈಗಲೂ ಆ ಮನೆಗೆ ಹೋಗುತ್ತೇನೆ. ಸ್ಕೂಟರನ್ನು ತಿರುವಿನಲ್ಲೇ ನಿಲ್ಲಿಸಿ ನಡೆದು ಹೋಗುತ್ತೇನೆ. ಕಂಪೌಂಡಿನ ಹೊರಗೆ ನಿಂತರೆ ಒಳಗೆ ಅಜ್ಜಿ ಮೊಮ್ಮಗಳು ಬ್ಯಾರಿಯಲ್ಲಿ ಜಗಳವಾಡುವುದು ಕೇಳಿಸುತ್ತದೆ. ತೊದಲು ಮಾತಿನದೇ ಮೇಲುಗೈ. ಕೇಳಿದಷ್ಟೂ ಸಾಲದು ಅನಿಸುತ್ತದೆ. ಕೊನೆಗೆ ಗೇಟಿನ ಚಿಲಕ ತೆಗೆಯಲೇಬೇಕು. ಆ ಸದ್ದಿಗೆ ಒಳಗಿನ ಮಾತು ಒಮ್ಮೆಲೇ ನಿಲ್ಲುತ್ತದೆ. ಹುಡುಗಿ ಕಾಲೆಳೆಯುತ್ತ ಬಾಗಿಲಿಗೆ ಬಂದು, ಒಂದೊಂದೇ ಅಕ್ಷರ ಜೋಡಿಸಿ, "ಬನ್ನಿ, ಕುಳಿತುಕೊಳ್ಳಿ" ಎನ್ನುತ್ತಾಳೆ.