ಓನರ್ ಆಂಟಿಯ ಆಯಿದೋಣಿ

ಮೊನ್ನೆ ನಮ್ಮ ಯಲಹಂಕದ ಅಪಾರ್ಟ್‌ಮೆಂಟಿನ ಈಜುಕೊಳದ ಬದಿಯಲ್ಲಿ ಮಗಳ ಟವೆಲ್ ಹಿಡಿದು ನಿಂತಿದ್ದೆ. ಕ್ಲೋರಿನ್ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಓನರ್ ಆಂಟಿ ನೆನಪಿಗೆ ಬಂದರು. ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ನೋಡುವವರು ನೋಡಲಿ ಎಂದು ಅಮೃತಹಳ್ಳಿಯ ಬೀದಿಯ ನಡುವೆಯೇ ನಡೆದು ಬರುತ್ತಿದ್ದವರು...

ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ ಅವರ ಮಹಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸಹಕಾರನಗರದ ಒಂದು ಟ್ರಾವೆಲ್ ಆಫೀಸಿನಲ್ಲಿ ನನ್ನ ಕೆಲಸ. ಆಂಟಿ ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿ, ಅದೇ ಊರಿನ ಇನ್ನೊಂದು ಬೀದಿಗೆ ಸೊಸೆಯಾಗಿ ಹೋದವರು. ಗಂಡ ಲಕ್ವ ಹೊಡೆದು ಮಲಗಿದ್ದ ಅಷ್ಟೂ ವರ್ಷ ಅವರನ್ನು ಎತ್ತಿ ಕೂರಿಸಿ, ತೊಳೆದು, ಉಣ್ಣಿಸಿದವರು ಇವರೊಬ್ಬರೇ. ಗಂಡ ತೀರಿಕೊಂಡ ಮೇಲೂ ನಸುಕಿಗೇ ಎದ್ದು ಬಿಸಿನೀರು ಕಾಯಿಸುತ್ತಿದ್ದರು. ಕಾಯಿಸಿದ ಮೇಲೆ, ಅದು ಯಾರಿಗೂ ಬೇಕಿಲ್ಲವೆಂಬುದು ನೆನಪಾಗುತ್ತಿತ್ತು.

ಒಂದು ಸಂಜೆ ಸಾರು ಕೊಡಲು ಮೇಲೆ ಬಂದವರು ನನ್ನ ಆಫೀಸಿನ ಸುದ್ದಿ ಕೇಳುತ್ತ ಕೂತರು. ಹಾಯಿದೋಣಿ ನಡೆಸುವ ಹುಚ್ಚಿರುವ ಒಂದು ಗುಂಪು ನಮ್ಮಲ್ಲಿ ಟಿಕೆಟ್ ಮಾಡಿಸುತ್ತಿತ್ತು. ಪ್ರತಿ ಚಳಿಗಾಲ ಅಂಡಮಾನಿನ ಪುಟ್ಟ ದ್ವೀಪವೊಂದರ ರೆಸಾರ್ಟಿನಲ್ಲಿ ಅವರೆಲ್ಲ ಸೇರುತ್ತಿದ್ದರು. ಆ ಸಲ ಒಬ್ಬರು ಬಿಟ್ಟುಹೋಗಿ ಜಾಗ ಖಾಲಿಯಾಗಿತ್ತು. ಅದನ್ನೇ ಹೇಳಿದೆ.

"ಅಲ್ಲೋಗಿ ಏನ್ ಮಾಡ್ತಾರೆ?"

"ಬೆಳಿಗ್ಗೆ ಒಂದೀಟು ದೋಣಿ. ಆಮ್ಯಾಲೆ ಏನೂ ಮಾಡೂದಿಲ್ರೀ ಆಂಟಿ. ಸುಮ್ನ ಇರ್ತಾರ."

ಆಂಟಿ ಸಾರಿನ ಪಾತ್ರೆ ಎತ್ತಿಕೊಂಡು ಬಾಗಿಲವರೆಗೆ ಹೋದರು. ನಾನು ವಿಷಯ ಮುಗಿಯಿತೆಂದುಕೊಂಡೆ.

"ಆ ಜಾಗ ನಂಗೆ ಆಕ್ಸು," ಅಂದರು. "ಆಯಿದೋಣೀಲಿ ಕೂತ್ಕಂಡು ಏನೂ ಮಾಡ್ದೆ ಇರ್ಬೇಕು ಕಣಮ್ಮ."

ಹಾಯಿಯ ಹಕಾರ ಕೊನೆಯವರೆಗೂ ಅವರ ಬಾಯಿಗೆ ಬರಲಿಲ್ಲ.

ಗುಂಪನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಈಜು ಬರುತ್ತಾ? ಆಂಟಿಗೆ ನಗು ತಡೆಯಲಾಗಲಿಲ್ಲ. "ನಮ್ಮೂರ್ ಕೆರೇನ ಈ ದಡದಿಂದ ಆ ದಡಕ್ಕೆ ಈಜ್ತಿದ್ದೆ. ದೊಡ್ಡೋಳಾದೆ, ನಿಲ್ಸ್‌ಬುಟ್ರು." ಮರುದಿನವೇ ಜಕ್ಕೂರಿನ ಕಡೆಯ ಈಜುಕೊಳಕ್ಕೆ ಹೋದೆವು. ಸೀರೆಯಲ್ಲಿ ಬಿಡುವುದಿಲ್ಲ ಎಂದರು. ಮೊಣಕಾಲು ಮುಚ್ಚುವ ಈಜುಡುಗೆ ತಂದುಕೊಟ್ಟೆ. ಮೊದಲು ಕಂಬಿ ಬಿಡಲಿಲ್ಲ, ನೀರು ಕುಡಿದು ಕೆಮ್ಮಿದರು, ಕೋಚಿಗೂ ಬೈದರು. ಬರಬರುತ್ತ ಕೈಕಾಲಿಗೆ ಹಳೆಯದೆಲ್ಲ ನೆನಪಾಯಿತು. ಕಣ್ಣು ಮುಚ್ಚಿ ಅಂಗಾತ ತೇಲುತ್ತಿದ್ದ ಅವರನ್ನು ಮನೆಗೆ ಹೊರಡಿಸುವುದೇ ನನಗೆ ಕಷ್ಟವಾಗುತ್ತಿತ್ತು.

ಸುದ್ದಿ ಹಬ್ಬಿತು. ಒಂದು ಭಾನುವಾರ ಅವರ ಮೈದುನ ಬಂದ. ನಾಗಸಂದ್ರಕ್ಕೆ ಕೊಟ್ಟಿದ್ದ ಆಂಟಿಯ ಮಗಳನ್ನೂ ಕರೆತಂದಿದ್ದ. ಅವಳು ಗೋಡೆಗೊರಗಿ ತಲೆ ತಗ್ಗಿಸಿ ಕೂತಳು. ಆಂಟಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಪಕ್ಕದಲ್ಲಿ ಹಿಸುಕುತ್ತಿದ್ದೆ.

"ಏನತ್ಗೆ ಇದು? ಅಣ್ಣ ಓಗಿ ವರ್ಸ ತುಂಬಿಲ್ಲ. ಈ ವಯಸ್ಸಲ್ಲಿ ಈಜು, ಸಮುದ್ರ... ಊರೋರ ಮುಂದೆ ನಾವು ಓಡಾಡೋದ್ ಬ್ಯಾಡ್ವಾ? ಬೇಕಾದ್ರೆ ಕಾಶಿಗೆ ನಾನೇ ಕರ್ಕೊಂಡೋಗ್ತೀನಿ."

ಆಂಟಿಯ ಕೈ ನಿಲ್ಲಲಿಲ್ಲ. "ನಿಮ್ಮಣ್ಣ ಆಸ್ಗೆ ಇಡ್ದಾಗ ಈ ಊರೋರು ಎಲ್ಲಿದ್ರಪ್ಪ? ಒಂದಿನ ಬಂದು ಮಗ್ಗುಲು ಬದಲಾಯ್ಸಿದ್ಯಾ ನೀನು? ನಾನು ಅವತ್ತೂ ಯಾರ್ನೂ ಕೇಳಿಲ್ಲ, ಇವತ್ತೂ ಕೇಳ್ತಿಲ್ಲ. ಕಾಶಿಗೆ ನೀನೋಗು. ನಾನು ದ್ಯಾವ್ರನ್ನ ನೋಡೋಕಲ್ಲ, ಸುಮ್ನೆ ಮನೀಕಳೋಕೆ ಓಯ್ತಿವ್ನಿ."

"ಅಂಗಾದ್ರೆ ಇನ್ನು ನಮ್ಮನೆ ಕಡೆ ಬರ್ಬ್ಯಾಡಿ."

"ಬರಲ್ಲ ಬುಡು. ಕಾಫಿ ಕುಡಿ, ಆರೋಯ್ತದೆ."

ಅವನು ಕಾಫಿ ಮುಟ್ಟದೆ ಎದ್ದ. ಮಗಳು ಚಿಕ್ಕಪ್ಪನ ಹಿಂದೆಯೇ ಹೊರಟಳು. ಬಾಗಿಲಲ್ಲಿ ಒಮ್ಮೆ ನಿಂತು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಗ ಮಾತ್ರ ಆಂಟಿಯ ಕಣ್ಣು ತುಂಬಿತು. ಮೈದುನ ಬಿಟ್ಟ ಕಾಫಿಯನ್ನು ಅವರೇ ಗಟಗಟ ಕುಡಿದು, "ಇಮಾನದಾಗೆ ಕಿಟಕಿ ಪಕ್ಕದ್ ಸೀಟು ಸಿಕ್ತದಾ?" ಎಂದು ಕೇಳಿದರು.

ಸಿಕ್ಕಿತು. ಹೋದರು.

ವಾಪಸು ಬಂದಾಗ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಮೂಗಿನ ತುದಿಯ ಸಿಪ್ಪೆ ಏಳುತ್ತಿತ್ತು. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಅವರ ಜೀವ ಬಾಯಿಗೆ ಬಂದಿತ್ತಂತೆ. ಹಗ್ಗ ಹಿಡಿಯಲು ಅವರ ಕೈಗೇ ಕೊಟ್ಟರಂತೆ. ಮಧ್ಯಾಹ್ನವೆಲ್ಲ ಮರಗಳ ನಡುವೆ ಕಟ್ಟಿದ ಬಲೆಯ ಜೋಲಿಯಲ್ಲಿ ಬಿದ್ದುಕೊಂಡಿದ್ದರಂತೆ, ಊಟಕ್ಕೆ ಬೇರೆಯವರೇ ಬಂದು ಕರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಸ್ವರ ಸಣ್ಣಗಾಯಿತು. "ಯಾರಾನ ಬಂದು ನನ್ನ ಊಟಕ್ಕೆ ಕರ್ದಿದ್ದು..." ಎಂದು ಅಲ್ಲಿಗೇ ನಿಲ್ಲಿಸಿದರು.

ಮೈದುನನ ಮನೆಯ ಮದುವೆಗೆ ಕರೆ ಬರಲಿಲ್ಲ. ಆ ದಿನ ನನ್ನ ಜೊತೆ ಬ್ಯಾಟರಾಯನಪುರಕ್ಕೆ ಬಂದು ಮಸಾಲೆದೋಸೆ ತಿಂದರು. ಮುಂದಿನ ಚಳಿಗಾಲಗಳಲ್ಲೂ ದ್ವೀಪಕ್ಕೆ ಹೋದರು. ಹಾಯಿದೋಣಿಯವರು ಅವರಿಗಾಗಿಯೇ ಒಂದು ಜಾಗ ಇಟ್ಟಿರುತ್ತಿದ್ದರು.

ಹೋದ ವರ್ಷ ಎದೆನೋವು ಬಂದು, ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ತಿಥಿಯ ದಿನ ಹೋದಾಗ ಪಡಸಾಲೆಯಲ್ಲಿ ಹಾರ ಹಾಕಿಟ್ಟಿದ್ದ ಫೋಟೋ ನೋಡಿ ನಿಂತುಬಿಟ್ಟೆ. ಕಿತ್ತಳೆ ಲೈಫ್ ಜಾಕೆಟ್, ಗಾಳಿಗೆ ಕೆದರಿದ ಕೂದಲು, ಹಿಂದೆ ಬಿಳಿ ಹಾಯಿ, ಬಾಯಿ ತುಂಬ ನಗು. ಮೈದುನ ಬೇರೊಂದು ಫೋಟೋ ಹಿಡಿದು ಬಂದ. ಮದುವೆಯ ಕಾಲದ್ದು, ಸೆರಗು ಹೊದ್ದು ನೆಲ ನೋಡುತ್ತಿದ್ದದ್ದು.

"ನೆಂಟ್ರು ಬರೋ ಒತ್ತಾಯ್ತು, ಅದನ್ನ ತೆಗೆದು ಇದನ್ನ ಇಡಮ್ಮ," ಎಂದ ಅಣ್ಣನ ಮಗಳಿಗೆ.

ಅವಳು ಫೋಟೋದ ಮುಂದೆ ಬಂದು ನಿಂತಳು. "ಅದನ್ನ ಯಾರೂ ಮುಟ್ಬೇಡಿ ಚಿಕ್ಕಪ್ಪ. ನಮ್ಮಮ್ಮ ನಗ್ತಿರೋ ಫೋಟೋ ಇದೊಂದೇ ಇರೋದು."

ಅವನು ಕೈಯಲ್ಲಿದ್ದದ್ದನ್ನು ಮಗುಚಿ ಕಿಟಕಿಯ ಮೇಲಿಟ್ಟ. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ.

ಆ ಮನೆಯನ್ನು ಈಗ ಕೆಡವಿ ಕಟ್ಟುತ್ತಿದ್ದಾರೆ. ಆ ಕಡೆ ಹೋದರೆ ಮಹಡಿಯ ಮೆಟ್ಟಿಲಿದ್ದ ಜಾಗವೂ ಗುರುತು ಸಿಗುವುದಿಲ್ಲ. ಹಳೆಯ ಬೀದಿಯವರು ಸಿಕ್ಕಾಗ, "ಪಾಪ, ಏನು ಸುಖ ಕಂಡಳು ಅವಳು" ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವರನ್ನು ಅಲ್ಲೇ ನಿಲ್ಲಿಸಿಕೊಂಡು ದ್ವೀಪದ ಕಥೆಯನ್ನು ಪೂರ್ತಿ ಹೇಳಿಯೇ ಕಳಿಸುತ್ತೇನೆ.