ಬೇಲಿಯ ಬೋರ್ಡು ಮತ್ತು ದಿಲ್ಲಿಯ ಮಸೂದೆ

ಮಸೂದೆ ಕಾಯಿದೆಯಾಗುವ ಬಗೆಯನ್ನು ಹೈಸ್ಕೂಲಿನಲ್ಲಿ ಜನ್ಮವಿಡೀ ಪಾಠ ಮಾಡಿದವನು ನಾನು. ಅದು ನಮ್ಮ ಮನೆಯ ಬೇಲಿಯವರೆಗೂ ಬರುತ್ತದೆಂದು ಎಣಿಸಿರಲಿಲ್ಲ.

ನನ್ನ ಸೋದರತ್ತೆ ಚಿಕ್ಕವಳಿದ್ದಾಗ ನಮ್ಮವರ ಗದ್ದೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಬದಲಿಗೆ ನಿಟ್ಟೂರಿನ ಹತ್ತಿರ ಕಾಡಂಚಿನಲ್ಲಿ ಕೊಟ್ಟ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರವಿಲ್ಲ. ಅತ್ತೆ ಅಲ್ಲೇ ಇದ್ದಾಳೆ. ಯಾರಾದರೂ ಎಬ್ಬಿಸಿಯಾರು ಎಂಬ ಭಯಕ್ಕೆ ಸಿಗಂದೂರಿನ ದೇವಿಯ ಗುಡಿಯಿಂದ ಬೋರ್ಡು ತಂದು ಬೇಲಿಗೆ ಹೊಡೆದಿದ್ದಳು: 'ಶ್ರೀ ದೇವಿಯ ಕಾವಲಿದೆ.' ನಮ್ಮ ಕಡೆ ಆ ಬೋರ್ಡು ಇದ್ದಲ್ಲಿ ಒಂದು ಕಾಯಿ ಕೀಳಲೂ ಜನ ಹೆದರುತ್ತಾರೆ.

ಅಂಥ ಜಾಗಗಳನ್ನು ಖಾಯಂ ಮಾಡುವ ಮಸೂದೆಯೊಂದು ಲೋಕಸಭೆಗೆ ಬಂತು. ಒಪ್ಪುವವರು ಹೌದೆನ್ನಿ ಎಂದು ಸಭಾಧ್ಯಕ್ಷರು ಕೇಳಿದರು, ಸದಸ್ಯರು ಹೌದೆಂದು ಮೇಜು ತಟ್ಟಿದರು. ಟಿವಿಯಲ್ಲಿ ಅದನ್ನು ಕಂಡು ಅತ್ತೆ ಕಣ್ಣೊರೆಸಿಕೊಂಡಳಂತೆ. ಹೊಸನಗರದಿಂದ ನಾನು ಹೋಗುವಷ್ಟರಲ್ಲಿ ಬೋರ್ಡು ಕಿತ್ತು, ಅರಿಶಿನ ಕುಂಕುಮ ಹಚ್ಚಿ, ಸಿಗಂದೂರಿಗೆ ವಾಪಸ್ ಕೊಟ್ಟು ಬಂದಾಗಿತ್ತು. ಇನ್ನು ಕಾಯೋದಕ್ಕೆ ಕಾಯಿದೆ ಇದೆ, ದೇವಿಯಮ್ಮನಿಗೆ ಸುಮ್ಮನೆ ಯಾಕೆ ತೊಂದರೆ ಎಂದು ಅವಳ ವಾದ.

ನನಗೆ ಸಿಟ್ಟು ನೆತ್ತಿಗೇರಿತು. ರಾಜ್ಯಸಭೆಯೂ ಒಪ್ಪಬೇಕು, ರಾಷ್ಟ್ರಪತಿಗಳು ಅಂಕಿತ ಹಾಕಬೇಕು, ಗೆಜೆಟ್ಟಿನಲ್ಲಿ ಬರಬೇಕು, ಅಲ್ಲಿವರೆಗೆ ಅದು ಬರೀ ಮಸೂದೆ ಎಂದು ಪಾಠ ಶುರುಮಾಡಿದೆ. ಅತ್ತೆ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು. ವೀಳ್ಯ ಬದಲಾಯಿಸಿದ ಮೇಲೆ ಮದುವೆ ನಿಲ್ಲುತ್ತದೆಯೇ, ಸುಮ್ಮನಿರು ಎಂದು ನನ್ನ ಬಾಯಿ ಮುಚ್ಚಿಸಿದಳು.

ನಿಂತೇಬಿಟ್ಟಿತು. ಮಸೂದೆ ರಾಜ್ಯಸಭೆಯಲ್ಲಿ ಕೂತಿದ್ದಾಗಲೇ ಲೋಕಸಭೆ ವಿಸರ್ಜನೆಯಾಯಿತು. ಹಾಗಾದರೆ ಮಸೂದೆ ಬಿದ್ದುಹೋಗುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕದ ಪ್ರಶ್ನೆ ಕೊಡುತ್ತಿದ್ದೆ. ಆ ಒಂದಂಕದ ಮಾತನ್ನು ಅತ್ತೆಗೆ ಹೇಳಲು ಬಸ್ಸು ಹತ್ತಿದೆ.

ಅತ್ತೆ ಯಾರನ್ನೂ ಬಯ್ಯಲಿಲ್ಲ.

"ಹಂಗಾರೆ ಹೊಸಬ್ರು ಬಂದು ಮತ್ತೆ ಮೊದ್ಲಿಂದ ಓದ್ಬೇಕಾ?"

"ಹ್ಞೂಂ ಅತ್ತೆ, ಮೊದ್ಲಿಂದ."

ನಾಳೆ ಸಿಗಂದೂರಿಗೆ ಹೋಗೋಣ ಎಂದಳು. ಇಬ್ಬರೂ ಹೋಗಿ ಹೊಸ ಬೋರ್ಡು ತಂದೆವು. ಬೇಲಿಯ ಹತ್ತಿರ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು.

"ನೀನೇ ಹೊಡಿ ತಮ್ಮಾ. ಕಾಯಿದೆ ಬರೋ ಹೊತ್ತಿಗೆ ನಾ ಇರ್ತೀನೋ ಇಲ್ವೋ, ಕೀಳೋನೂ ನೀನೇ."

ಮೊಳೆಯನ್ನು ಪೂರ್ತಿ ಹೊಡೆಯಲಿಲ್ಲ. ಅತ್ತೆಯ ಕೈಗೇ ಕೀಳಲು ಬರುವಷ್ಟು ಸಡಿಲ ಬಿಟ್ಟೆ.